ಉಡಿಯೊಳಗಿನ ಕಾಳು

ನನ್ನ ಅಂಗಿಯ ಜೇಬಿನಲ್ಲಿ ಈಗಲೂ ಒಮ್ಮೊಮ್ಮೆ ತೊಗರಿ ಕಾಳು ಸಿಗುತ್ತವೆ. ಒಗೆಯಲು ಹಾಕುವ ಮೊದಲು ಜೇಬು ತಡಕುವುದು ನನ್ನ ಹೆಂಡತಿಯ ರೂಢಿ. ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಇವತ್ತ ಯಾರನ್ನ ಕಳಕೊಂಡು ಬಂದೀರಿ?" ಎಂದು ಕೇಳುತ್ತಾಳೆ. ಅವಳದು ಚೇಷ್ಟೆ. ನನಗೆ ಮಾತ್ರ ಹಾಗೆ ಕೇಳಿದಾಗಲೆಲ್ಲ ಜೇವರ್ಗಿಯ ಒಂದು ಪಡಸಾಲೆ, ಒಂದು ಹಿತ್ತಾಳೆಯ ಪರಾತ, ಅದರ ಮುಂದೆ ಕಾಲು ಚಾಚಿ ಕೂತ ಒಬ್ಬ ಹಿರಿಯ ಹೆಣ್ಣುಮಗಳು ನೆನಪಾಗುತ್ತಾರೆ.

ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು, ಆದರೂ ಮೇಡಂ ಎಂಬ ಮಾತು ಅವರಿಗೆ ಕೊನೆಯವರೆಗೆ ಅಂಟಲಿಲ್ಲ. ಅಣ್ಣನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಇರುತ್ತಿದ್ದರು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಪಾಠಕ್ಕೆ ಕೂರುತ್ತಿದ್ದರು. ಕಲಿಯಲು ಬಂದವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆಕಳಿಸಿದವರನ್ನು ಮಾತ್ರ ಅಂದೇ ಎಬ್ಬಿಸಿ ಕಳಿಸುತ್ತಿದ್ದರು.

ನಾನು ಅವರ ಹತ್ತಿರ ಹೋದದ್ದು ಕಲಿಯುವ ಆಸೆಯಿಂದಲ್ಲ, ಕೆಲಸ ಹೋದೀತೆಂಬ ಭಯದಿಂದ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಕ್ಷಯರೋಗಿಗಳ ಮೇಲೆ ನಿಗಾ ಇಡುವ ಒಂದು ಯೋಜನೆಯಲ್ಲಿ ನಾನು ದಾಖಲೆ ನೋಡಿಕೊಳ್ಳುತ್ತಿದ್ದೆ. ಔಷಧ ಶುರುವಾದ ದಿನದಿಂದ ಯಾರು ಎಷ್ಟು ದಿನ ಬದುಕಿದರು, ಯಾರಿಗೆ ಯಾವಾಗ ಅಪಾಯ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ವರದಿ ಮಾಡಬೇಕಿತ್ತು. "ಬದುಕುಳಿಯುವಿಕೆಯ ವಿಶ್ಲೇಷಣೆ ಬರ್ತದಲ್ಲ?" ಎಂದು ಕಲಬುರಗಿಯಲ್ಲಿದ್ದ ನಮ್ಮ ಸಾಹೇಬರು ಕೇಳಿದಾಗ, ಬರುತ್ತದೆ ಎಂದು ಕತ್ತು ಆಡಿಸಿಬಿಟ್ಟಿದ್ದೆ. ಕಂಪ್ಯೂಟರಿಗೆ ಅಂಕಿ ಕೊಟ್ಟರೆ ಅದು ಗೆರೆ ಎಳೆದುಕೊಡುತ್ತಿತ್ತು. ಆ ಗೆರೆ ಏನು ಹೇಳುತ್ತದೆ ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಯಾರೋ ಅಕ್ಕೋರ ಹೆಸರು ಹೇಳಿದರು. ಒಂದು ಭಾನುವಾರ ಆಳಂದದಿಂದ ಎರಡು ಬಸ್ಸು ಹಿಡಿದು ಜೇವರ್ಗಿಗೆ ಹೋದೆ.

ಕೂತ ಕೂಡಲೇ ಲ್ಯಾಪ್‌ಟಾಪ್ ತೆಗೆದೆ.

"ಅದನ್ನ ಕಪಾಟಿನ್ಯಾಗ ಇಟ್ಟು ಬಾ ತಮ್ಮಾ" ಎಂದರು. "ಅದಕ್ಕ ಎಲ್ಲಾ ಗೊತ್ತದ, ನಿನಗ ಏನೂ ಗೊತ್ತಿಲ್ಲ. ಇಬ್ಬರನ್ನೂ ಕೂಡಿಸಿ ಕುಂದ್ರಿಸಿದ್ರ ನೀ ಕಲಿಯೂದಿಲ್ಲ."

ಆಮೇಲೆ ಅಡುಗೆಮನೆಯಿಂದ ಪರಾತ, ಹಿಟ್ಟು ನಾದುವ ಅಗಲ ತಟ್ಟೆ, ತಂದರು. ಅದರಲ್ಲಿ ಇಪ್ಪತ್ತು ತೊಗರಿ ಕಾಳು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು. ಒಂದೊಂದು ಕಾಳಿಗೂ ಒಂದೊಂದು ಹೆಸರಿಡಬೇಕು ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ಹೆಸರಿಲ್ಲದ ಕಾಳು ನನ್ನ ಪರಾತದಾಗ ಮುಟ್ಟಬ್ಯಾಡ" ಎಂದರು. ಬೇರೆ ಏನೂ ಹೊಳೆಯದೆ ನಮ್ಮ ಬಳಗದವರ ಹೆಸರನ್ನೇ ಇಟ್ಟೆ. ಆಟ ಶುರುವಾಯಿತು. ಅವರು ದಿನ ಹೇಳುತ್ತ ಹೋಗುವುದು, ನಾನು ಕಾಳು ತೆಗೆಯುವುದು. "ಒಂಬತ್ತನೇ ದಿನ, ನಿನ್ನ ಸೋದರಮಾವ ತೀರಿಕೊಂಡ. ಬಟ್ಟಲಿಗಿ ಹಾಕು." ನನ್ನ ಕೈ ತಡೆಯಿತು. ಮಾವ ಆಗ ಆಳಂದದಲ್ಲಿ ನಮ್ಮ ಕಾಳುಕಡಿಯ ಅಡತ ಅಂಗಡಿಯಲ್ಲಿ ಗಟ್ಟಿಯಾಗಿ ಕೂತಿದ್ದ.

"ಕೈ ನಡಗಾಕತ್ತದೇನು? ನಡಗಲಿ" ಎಂದರು ಅಕ್ಕೋರು. "ಕಂಪ್ಯೂಟರಿನ್ಯಾಗ ಬರೇ ಒಂದು ಅಂಕಿ ಬಡದ್ರ ಎಂದೂ ನಡಗೂದಿಲ್ಲ."

ಇಪ್ಪತ್ತರಲ್ಲಿ ಒಬ್ಬ ಹೋದರೆ ಉಳಿದವರು ಹತ್ತೊಂಬತ್ತು. ಬದುಕುಳಿದವರ ಪಾಲು ತೋರಿಸುವ ಗೆರೆ ಅಷ್ಟು ಕೆಳಗಿಳಿಯುತ್ತದೆ. ಇಷ್ಟು ನನಗೂ ಗೊತ್ತಿತ್ತು. ಮುಂದೆ ಅವರು, "ಹದಿಮೂರನೇ ದಿನ ಇಬ್ಬರು ಊರು ಬಿಟ್ಟರು, ಎಲ್ಲಿ ಹೋದರೋ ಗೊತ್ತಿಲ್ಲ" ಎಂದರು. ನಾನು ಎರಡು ಕಾಳು ತೆಗೆದು ಬಟ್ಟಲಿಗೆ ಹಾಕಲು ಹೋದೆ. ಕೈಯ ಮೇಲೆ ಒಂದು ಪೆಟ್ಟು ಬಿತ್ತು.

"ಸತ್ತದ್ದು ನೀ ನೋಡೀದೇನು?"

"ಇಲ್ಲರಿ."

"ಮತ್ತ ಬಟ್ಟಲಿಗಿ ಯಾಕ ಹಾಕ್ತಿ?"

ಹಾಗಾದರೆ ಲೆಕ್ಕದಿಂದಲೇ ತೆಗೆದುಬಿಡೋಣವೆಂದು ಕಾಳನ್ನು ಪಕ್ಕಕ್ಕೆ ಒಗೆಯಹೋದೆ. ಎರಡನೇ ಪೆಟ್ಟು. "ಹದಿಮೂರು ದಿನ ನಿನ್ನ ಕಣ್ಣ ಮುಂದ ಇದ್ದವರು ಅವರು. ಆ ಹದಿಮೂರು ದಿನ ನೀ ಹ್ಯಾಂಗ ಒಗೀತಿ?" ಎಂದವರೇ, ಸೀರೆಯ ಸೆರಗನ್ನು ಮಡಿಲ ಮೇಲೆ ಚೀಲದಂತೆ ಹಿಡಿದು ಉಡಿ ಮಾಡಿ, ಎರಡೂ ಕಾಳನ್ನು ಅದರೊಳಗೆ ಹಾಕಿಕೊಂಡರು. "ಇವರು ಸತ್ತವರಲ್ಲ, ಕಣ್ಣಿಗಿ ಮರೆಯಾದವರು. ಕಂಡ ದಿನದತನಕ ಲೆಕ್ಕದಾಗ ಇರ್ತಾರ. ಮುಂದ ಉಡಿಯಾಗ ಇರ್ತಾರ." ನನಗೆ ಉಡಿ ಇರಲಿಲ್ಲವಾದ್ದರಿಂದ ಜೇಬಿಗೆ ಹಾಕಿಕೊಳ್ಳುವ ಅಪ್ಪಣೆಯಾಯಿತು. ಜೇಬಿನ ಕಾಳಿನ ಕತೆ ಅಲ್ಲಿಂದ ಶುರು.

ಪುಸ್ತಕಗಳಲ್ಲಿ ಇದಕ್ಕೆ ಸೆನ್ಸಾರಿಂಗ್ ಎನ್ನುತ್ತಾರೆ. ಎಷ್ಟೋ ಪುಟ ಓದಿದ್ದರೂ ತಲೆಗೆ ಹತ್ತದ ಮಾತು ಆ ಎರಡು ಪೆಟ್ಟಿನಲ್ಲಿ ಹತ್ತಿತು. ಕಾಣೆಯಾದವರು ಗೆರೆಯನ್ನು ಕೆಳಗಿಳಿಸುವುದಿಲ್ಲ. ಆದರೆ ಅವರು ಹೋದ ಮೇಲೆ ಪರಾತದಲ್ಲಿ ಹದಿನೇಳೇ ಕಾಳು ಉಳಿದವಲ್ಲ, ಮುಂದೆ ಒಬ್ಬ ಸತ್ತರೆ ಗೆರೆ ಮೊದಲಿಗಿಂತ ಹೆಚ್ಚು ಇಳಿಯುತ್ತದೆ. ಗೆರೆಯ ಮೆಟ್ಟಿಲಿಗೆ ಅವರು ಪಾವಟಿಗಿ ಎನ್ನುತ್ತಿದ್ದರು. "ನೋಡಿದೇನು, ಈ ಪಾವಟಿಗಿ ಎತ್ತರ ಆಯ್ತು. ಇಲ್ಲದವರ ಭಾರ ಇದ್ದವರ ಮ್ಯಾಲ ಬೀಳ್ತದ" ಎಂದು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಎಳೆದು ತೋರಿಸಿದರು.

ಅದೇ ದಿನ ಇನ್ನೊಂದು ಮಾತು ಹೇಳಿದ್ದರು. "ಉಡಿಯಾಗಿನ ಕಾಳು ಪರಾತದಾಗಿನ ಕಾಳಿನಂಥದ ಇರಬೇಕು. ಹುಳಕ ಕಾಳನ್ನ ಆರಿಸಿ ಆರಿಸಿ ಉಡಿಗಿ ಹಾಕಿಕೊಂಡ್ರ ಪರಾತ ಭಾಳ ಚಂದ ಕಾಣ್ತದ. ಅದು ಮೋಸ." ನಾನು ಅದನ್ನು ವಹಿಯಲ್ಲಿ ನೀಟಾಗಿ ಬರೆದುಕೊಂಡು, ಅಡಿಗೆರೆ ಎಳೆದು, ಮರೆತೆ.

ಅಕ್ಕೋರಿಗೆ ಇದು ಬರೀ ಪಾಠವಾಗಿರಲಿಲ್ಲ, ಸ್ವಭಾವವೇ ಆಗಿತ್ತು. ಛತ್ರಿ ಕಳೆದರೂ ಅಷ್ಟೇ, ಮನುಷ್ಯ ಕಳೆದರೂ ಅಷ್ಟೇ, "ಕಡೀಕ ನೋಡಿದ್ದು ಯಾವಾಗ?" ಎಂದೇ ಕೇಳುವುದು. ನಾವು ಏನಾದರೂ ಉತ್ತರ ಕೊಟ್ಟರೆ ತಕ್ಷಣ ಎರಡನೇ ಪ್ರಶ್ನೆ: "ನೋಡಿದ್ದೋ, ಕೇಳಿದ್ದೋ?" ಒಮ್ಮೆ ಪಕ್ಕದ ಮನೆಯಾಕೆ ತನ್ನ ಬೆಕ್ಕು ಸತ್ತಿತೆಂದು ಅಳುತ್ತ ಬಂದಳು. ಅಕ್ಕೋರು ಅವಳಿಗೆ ಚಹಾ ಕೊಟ್ಟು, "ಸತ್ತದ್ದು ನೋಡಿಯೇನು?" ಎಂದರು. ನೋಡಿರಲಿಲ್ಲ. ಗುರುವಾರ ಹಾಲು ಕುಡಿದು ಹೋದದ್ದು ಬಂದಿಲ್ಲ, ಅಷ್ಟೇ. "ಹಂಗಾದ್ರ ಗುರುವಾರದತನಕ ನಿನ್ನ ಬೆಕ್ಕು ಅದ. ಅದರ ಮುಂದಿಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಳಬ್ಯಾಡ" ಎಂದರು. ಬೆಕ್ಕು ಮರಳಿ ಬರಲಿಲ್ಲ. ಅದು ಸತ್ತಿದೆ ಎನ್ನಲು ಮಾತ್ರ ಅವರು ಯಾರಿಗೂ ಬಿಡಲಿಲ್ಲ.

ಅವರಲ್ಲಿ ದೋಷಗಳಿಗೇನೂ ಕೊರತೆ ಇರಲಿಲ್ಲ. ಚಹಾಕ್ಕೆ ಸಕ್ಕರೆ ಸುರಿಯುತ್ತಿದ್ದರು, ಬೇಡವೆಂದರೆ ಸಿಟ್ಟಾಗುತ್ತಿದ್ದರು. ಅಣ್ಣನ ಮಗಳೊಬ್ಬಳು ಅದೇ ಮನೆಯಲ್ಲಿದ್ದಳು, ಅವಳ ಜೊತೆ ಚೌಕಾಬಾರ ಆಡುವಾಗ ಕವಡೆ ಸರಿಸಿ ಮೋಸ ಮಾಡುತ್ತಿದ್ದರು. ಸಿಕ್ಕಿಬಿದ್ದರೆ, "ನೀ ನೋಡೀದೇನು?" ಎಂದು ಅದೇ ಪ್ರಶ್ನೆಯನ್ನು ಅಡ್ಡ ಹಿಡಿಯುತ್ತಿದ್ದರು. ಹೊಗಳುವುದರಲ್ಲಿ ಮಹಾ ಜಿಪುಣರು. ನಾನು ಮೂರು ತಿಂಗಳು ಬೆವರು ಸುರಿಸಿ ಮಾಡಿದ ಲೆಕ್ಕಕ್ಕೆ ಸಿಕ್ಕ ಅತಿ ದೊಡ್ಡ ಬಿರುದೆಂದರೆ "ಗಲತ್ ಇಲ್ಲ", ತಪ್ಪಿಲ್ಲ ಎಂಬಷ್ಟೇ.

ಅವರ ಹತ್ತಿರ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯೊಂದಿತ್ತು. ಪಾಠ ಮುಗಿಸಿ ನಾನು ಚಪ್ಪಲಿ ಮೆಟ್ಟುವಾಗ ಅದನ್ನು ತೆರೆದು ಪೆನ್ಸಿಲಿನಲ್ಲಿ ಏನೋ ಅಳಿಸಿ, ಏನೋ ಬರೆಯುತ್ತಿದ್ದರು. ಏನೆಂದು ಕೇಳಿದೆ. "ನನ್ನ ಹುಡುಗರ ಹಾಜರಿ" ಎಂದರು. ಇಷ್ಟು ಅಚ್ಚುಕಟ್ಟಿನವರು ಪೆನ್ನಿನಲ್ಲಿ ಯಾಕೆ ಬರೆಯುವುದಿಲ್ಲ ಎಂದೆ. "ಪೆನ್ನಿಲೆ ಬರಿಯೂದು ಸಾವು ಒಂದ. ಉಳದದ್ದೆಲ್ಲ ಪೆನ್ಸಿಲಿಲೆ. ನಾಳಿಗಿ ಮತ್ತ ಕಂಡ್ರ ಅಳಿಸಿ ಬರೀಬೇಕಲ್ಲ" ಎಂದರು.

ವರದಿ ಕೊಡುವ ಕಾಲ ಬಂತು. ನಾನು ಮೂರೂ ತಾಲೂಕಿನ ದಾಖಲೆಗಳನ್ನು ಕೂಡಿಸಿ, ಗಂಡಸರದೊಂದು ಗೆರೆ, ಹೆಂಗಸರದೊಂದು ಗೆರೆ ತೆಗೆದೆ. ಹೆಂಗಸರ ಗೆರೆ ಎದ್ದು ಕಾಣುವಷ್ಟು ಮೇಲಿತ್ತು. ಅಂದರೆ ಔಷಧ ಹಿಡಿದ ಹೆಂಗಸರು ಗಂಡಸರಿಗಿಂತ ಹೆಚ್ಚು ಬದುಕುತ್ತಿದ್ದಾರೆ. ಗಂಡಸರು ಕುಡಿಯುತ್ತಾರೆ, ಗುಳಿಗೆ ಬಿಡುತ್ತಾರೆ, ಹೆಂಗಸರು ಹೇಳಿದಂತೆ ಕೇಳುತ್ತಾರೆ ಎಂದು ಕಾರಣವನ್ನೂ ನಾನೇ ಬರೆದೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಬರುವ ಕಾರ್ಯಕರ್ತೆಯರು ನಮ್ಮಲ್ಲಿ ಕೆಲವೇ ಜನ ಇದ್ದರು. ಅವರು ಇನ್ನು ಮುಂದೆ ಗಂಡಸರ ಮನೆಗಳಿಗೆ ಮೊದಲು ಹೋಗಲಿ, ಹೆಂಗಸರನ್ನು ತಿಂಗಳಿಗೊಮ್ಮೆ ಫೋನಿನಲ್ಲಿ ವಿಚಾರಿಸಿದರೆ ಸಾಕು ಎಂಬುದು ನನ್ನ ಶಿಫಾರಸು. ಸಾಹೇಬರಿಗೆ ಬಾಯಲ್ಲಿ ಹೇಳಿದ್ದೆ, ಅವರಿಗೆ ಬಹಳ ಹಿಡಿಸಿತ್ತು. ಬುಧವಾರ ವರದಿ ಕೈಗೆ ಕೊಡಬೇಕು. ಭಾನುವಾರ ಅಕ್ಕೋರಿಗೆ ತೋರಿಸಿ "ಗಲತ್ ಇಲ್ಲ" ಅನ್ನಿಸಿಕೊಂಡು ಬರೋಣವೆಂದು ಜೇವರ್ಗಿಗೆ ಹೋದೆ.

ಅವರು ಕನ್ನಡಕ ಏರಿಸಿ ಕಾಗದವನ್ನು ಬೆಳಕಿಗೆ ಹಿಡಿದರು. ಗೆರೆಗಳನ್ನು ನೋಡಲಿಲ್ಲ. ಗೆರೆಯ ಮೇಲಿನ ಸಣ್ಣ ಸಣ್ಣ ಗೀಟುಗಳನ್ನು ನೋಡಿದರು. ಕಾಣೆಯಾದ ಒಬ್ಬೊಬ್ಬರಿಗೂ ಕಂಪ್ಯೂಟರು ಅಂಥದೊಂದು ಗೀಟು ಹಾಕುತ್ತದೆ. ಹೆಂಗಸರ ಗೆರೆಯ ಮೇಲೆ ಔಷಧ ಹಿಡಿದ ಎರಡನೇ ಮೂರನೇ ತಿಂಗಳಲ್ಲಿ ಅವು ಇರುವೆ ಸಾಲಿನಂತೆ ಒತ್ತಾಗಿದ್ದವು.

"ಇಷ್ಟು ಮಂದಿ ಹೆಣ್ಮಕ್ಕಳು ಎಲ್ಲಿಗಿ ಹೋದ್ರು?"

"ತವರಮನಿಗಿ ಹೋಗ್ಯಾರ್ರಿ. ಫಾರ್ಮಿನ್ಯಾಗ ಹಂಗೇ ಬರದಾರ. ಉಡಿಗಿ ಹಾಕೇನಿ."

"ಯಾವ ತಿಂಗಳದಾಗ?"

"ಮಾರ್ಗಶಿರ, ಪುಷ್ಯ. ಸುಗ್ಗಿಯಾಗ್ರಿ."

ಅವರು ಕನ್ನಡಕ ತೆಗೆದರು. "ನಾಗರ ಪಂಚಮಿ ಅಲ್ಲ. ಬಾಣಂತನ ಅಲ್ಲ. ಸುಗ್ಗಿಯಾಗ, ತೊಗರಿ ರಾಶಿ ಬಿಟ್ಟು, ನಲ್ವತ್ತು ವರ್ಷದ ಹೆಣ್ಮಗಳನ್ನ ತವರಮನಿಗಿ ಯಾರು ಕಳಸ್ತಾರ ತಮ್ಮಾ?"

ನಮ್ಮ ಓಣಿಯಲ್ಲೇ ಅಂಥದ್ದನ್ನು ನೋಡಿದ್ದೆ. ಸೊಸೆ ಎದ್ದು ಕೆಲಸ ಮಾಡಲಾರದಷ್ಟು ಬಿದ್ದರೆ, ಸ್ವಲ್ಪ ದಿನ ತಾಯಿ ಆರೈಕೆಯಲ್ಲಿರಲಿ ಎಂದು ತವರಿಗೆ ಬಿಟ್ಟುಬರುವುದು ನಮ್ಮಲ್ಲಿ ಹೊಸದೇನಲ್ಲ. ನೋಡಿದ್ದು ನನಗೆ ಗೊತ್ತಿತ್ತು, ಲೆಕ್ಕ ಹಾಕುವಾಗ ಮಾತ್ರ ನೆನಪಾಗಿರಲಿಲ್ಲ.

"ಕಬ್ಬು ಕಡಿಲಾಕ ಹೋಗುವ ಗಂಡಸು ಗಟ್ಟಿ ಇದ್ದಾಗ ಊರು ಬಿಡ್ತಾನ" ಎಂದರು ಅಕ್ಕೋರು. "ತವರಿಗಿ ಹೋಗುವಾಕಿ ಪೂರಾ ಸೋತಾಗ ಊರು ಬಿಡ್ತಾಳ. ನೀ ಇಬ್ಬರನ್ನೂ ಒಂದ ಉಡಿಗಿ ಹಾಕೀದಿ."

"ಬುಧವಾರ ಕೊಡಬೇಕ್ರಿ ಅಕ್ಕೋರೆ. ಸಾಹೇಬರಿಗಿ ಹೇಳಿಬಿಟ್ಟೇನಿ."

"ಕೊಡು. ಆಮ್ಯಾಲ ಆ ಹೆಣ್ಮಕ್ಕಳ ಮನಿಗಿ ಯಾರೂ ಹೋಗೂದಿಲ್ಲ. ನಿನ್ನ ಗೆರಿ ಇನ್ನೂ ಚಂದ ಆಗ್ತದ."

ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು. ಈ ಮುದುಕಿಗೆ ಕೂತಲ್ಲಿ ಹೇಳುವುದು ಸುಲಭ, ಕೆಲಸ ಹೋಗುವುದು ನನ್ನದು ಎನ್ನಿಸಿತು. ಅದು ಮುಖದ ಮೇಲೆ ಕಂಡಿರಬೇಕು. ಅವರು ಎದ್ದು ಚಪ್ಪಲಿ ಹುಡುಕಿದರು. "ಇಜೇರಿ ಇಲ್ಲೇ ಅದ. ವರದಿಗಿ ಹಚ್ಚಿದ ಯಾದಿಯಾಗ ಒಬ್ಬಾಕಿ ಹೆಸರಿನ ಮುಂದ ಇಜೇರಿಗಿ ಹೋದ್ಳು ಅಂತ ಬರದಾರ, ನಾ ನೋಡೇನಿ. ನಡಿ, ಬಸ್ ಸಿಗ್ತದ." ಮಂಡಿ ನೋವಿನಿಂದ ಅವರು ಮನೆಯ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುತ್ತಿದ್ದರು. ಅಂಥವರು ಹೊರಟ ಮೇಲೆ ನಾನು ಕೂತಿರಲು ಸಾಧ್ಯವಿರಲಿಲ್ಲ.

ಇಜೇರಿಯಲ್ಲಿ ಆ ಹೆಂಗಸಿನ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಅಕ್ಕೋರು ಶರಣಾರ್ಥಿ ಹೇಳಿ, ತಂಗಿಯ ಹೆಸರು ಹಿಡಿದು ಕೇಳಿದರು. ಅವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಎಳ್ಳ ಅಮಾಸಿ ಮರುದಿನ ತೀರಿಕೊಂಡ್ಳ್ರಿ" ಎಂದ. ಬಂದು ಎಷ್ಟು ದಿನ ಆಗಿತ್ತು ಎಂದರು. "ಒಂಬತ್ತು ದಿನರಿ. ಟ್ರ್ಯಾಕ್ಟರಿನ್ಯಾಗ ಮಲಗಿಸಿಕೊಂಡು ತಂದು ಬಿಟ್ಟು ಹೋದ್ರು." ನನ್ನ ಕಾಗದದಲ್ಲಿ ಅವಳು ಕಾಣೆಯಾದವಳು. ಕಾಣೆಯಾದವಳು ಎಂದರೆ ಬದುಕಿರಬಹುದಾದವಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಅಣ್ಣ ನೀರು ತಂದುಕೊಟ್ಟ.

ಬಸ್‌ಸ್ಟ್ಯಾಂಡಿನಿಂದಲೇ ಸಾಹೇಬರಿಗೆ ಫೋನು ಮಾಡಿ ವರದಿ ತಡವಾಗುತ್ತದೆ ಎಂದೆ. ಅವರು ಬೈದರು. ಅಕ್ಕೋರು ಪಕ್ಕದಲ್ಲಿ ಶೇಂಗಾ ತಿನ್ನುತ್ತ, ತಮಗೇನೂ ಕೇಳಿಸುತ್ತಿಲ್ಲವೆಂಬಂತೆ ಕೂತಿದ್ದರು.

ಮುಂದಿನ ಭಾನುವಾರ ಅಫಜಲಪುರದ ಕಡೆ ಹೋದೆವು. ಅತನೂರಿನಲ್ಲೂ ಅದೇ ಮಾತು ಕೇಳಿದೆವು, ತಿಥಿ ಮಾತ್ರ ಬೇರೆ. ಅಲ್ಲಿಂದ ಸೊನ್ನಕ್ಕೆ ಹೋಗುವಾಗ ನಾನು ಪೆನ್ನು ತೆಗೆದು ಜೇಬಿಗೆ ಸಿಕ್ಕಿಸಿಕೊಂಡಿದ್ದೆ. ಇನ್ನು ಅದೇ ಬೇಕಾಗುತ್ತದೆ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಸೊನ್ನದ ಬ್ಯಾರೇಜಿನ ಹಿನ್ನೀರಿನ ದಂಡೆಗೆ ಒಂದು ಮನೆ. ಅಂಗಳದಲ್ಲಿ ಒಬ್ಬಾಕೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಜೋಳ ಹಸನು ಮಾಡುತ್ತಿದ್ದಳು. ಬರೀ ಎಲುಬು. ಆದರೆ ಕೈ ಚುರುಕಾಗಿ ಆಡುತ್ತಿತ್ತು. ಅಕ್ಕೋರು ಹೆಸರು ಹೇಳಿ, ಎಲ್ಲಿದ್ದಾಳೆ ಎಂದು ಕೇಳಿದರು.

"ನಾನೇರಿ" ಎಂದಳು.

ತವರಿಗೆ ತಂದು ಬಿಟ್ಟಾಗ ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲವಂತೆ. ತಮ್ಮನ ಹೆಂಡತಿ ಹಟ ಹಿಡಿದು ಬೇರೆ ಆಸ್ಪತ್ರೆಗೆ ತೋರಿಸಿ, ಹೊತ್ತುಹೊತ್ತಿಗೆ ಗುಳಿಗೆ ನುಂಗಿಸಿ ಎಬ್ಬಿಸಿ ಕೂರಿಸಿದ್ದಳು. ನಾವು ಎಲ್ಲಿಂದ ಬಂದವರು ಎಂದು ತಿಳಿದ ಮೇಲೆ ಆಕೆ ಮೊರ ಪಕ್ಕಕ್ಕಿಟ್ಟು, "ನಿಮ್ಮ ಬುಕ್ಕಿನ್ಯಾಗ ನನ್ನ ಹೆಸರು ಇನ್ನಾ ಅದ ಏನ್ರಿ?" ಎಂದು ಕೇಳಿದಳು. "ಆ ಮನಿಯಾಗ ನಾ ಉಣ್ಣೂ ಗಂಗಾಳ, ನೀರಿನ ಚರಗಿ ಸೈತ ಹೊರಗ ಒಗದಾರಂತ."

"ಅದ ಬೇ" ಎಂದರು ಅಕ್ಕೋರು. "ನಿನ್ನ ಹೆಸರು ಯಾರೂ ಹೊಡದಿಲ್ಲ."

ಹೊರಡುವಾಗ ತಮ್ಮನ ಹೆಂಡತಿ ಅಕ್ಕೋರನ್ನು ನಿಲ್ಲಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದಳು. ಒಂದು ಕುಪ್ಪಸದ ಕಣ, ಒಂದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದಲ್ಲ. ಅಕ್ಕೋರು ಎರಡೂ ಕೈಯಲ್ಲಿ ಸೆರಗು ಒಡ್ಡಿ ನಿಂತರು.

ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ಹೇಳಿದರು. ಉಡಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು.

"ನಮ್ಮ ಅತ್ತಿನೂ ನನಗ ಹಿಂಗ ಉಡಿ ತುಂಬಿ ತವರಿಗಿ ಕಳಿಸಿದ್ರು. ಇಪ್ಪತ್ತು ವರ್ಷ ನನಗ. ಇದೇ ಕೆಮ್ಮು. ಪಂಚಮಿ ಮುಗಿಯೂದ್ರಾಗ ಬಂದು ಕರಕೊಂಡು ಹೋಗ್ತೀವಿ ಅಂದಿದ್ರು. ಆ ಪಂಚಮಿನೂ ಹೋಯ್ತು, ಮತ್ತೊಂದೂ ಹೋಯ್ತು. ಮೂರನೇದಕ್ಕ ಅವರ ಮನ್ಯಾಗ ಇನ್ನೊಬ್ಬಾಕಿ ಬಂದಾಳ ಅಂತ ಸುದ್ದಿ ಬಂತು. ನಾ ಅಷ್ಟರಾಗ ಆರಾಮ ಆಗಿದ್ದೆ. ಅಪ್ಪ ಕಲಬುರಗಿಗಿ ಕರಕೊಂಡು ಹೋಗಿ ಕಾಲೇಜಿಗಿ ಹಚ್ಚಿದ." ಉಡಿಯೊಳಗಿನ ತೆಂಗಿನಕಾಯಿ ಸರಿಪಡಿಸಿಕೊಂಡು, "ಅವರ ಲೆಕ್ಕದಾಗ ನಾ ಯಾವ ದಿನ ಸತ್ತೆನೋ ಯಾರಿಗಿ ಗೊತ್ತು" ಎಂದರು. ದನಿಯಲ್ಲಿ ಅಳು ಇರಲಿಲ್ಲ. ಜೇವರ್ಗಿ ಬರುವ ತನಕ ಕಿಟಕಿಯ ಆಚೆ ನೋಡುತ್ತಲೇ ಇದ್ದರು. ಹಿಂದಿನ ಭಾನುವಾರ ಅವರನ್ನು ಮನಸ್ಸಿನಲ್ಲೇ ಮುದುಕಿ ಎಂದು ಬೈದುಕೊಂಡದ್ದಕ್ಕೆ ನನಗೆ ಆದ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ತವರಿಗೆ ಹೋದ ಉಳಿದ ಹೆಂಗಸರನ್ನು ನಮ್ಮ ಕಾರ್ಯಕರ್ತೆಯರು ತಿಂಗಳು ಪೂರ್ತಿ ಊರೂರು ತಿರುಗಿ ಹುಡುಕಿದರು. ಬಟ್ಟಲಿಗೆ ಹೋದವರೇ ಹೆಚ್ಚು. ಗೆರೆ ಮತ್ತೆ ಎಳೆದಾಗ ಹೆಂಗಸರದು ಗಂಡಸರದಕ್ಕಿಂತ ಕೆಳಗಿತ್ತು. ತಡವಾದದ್ದಕ್ಕೆ ಸಾಹೇಬರು ಇನ್ನೊಮ್ಮೆ ಬೈದರು, ಆದರೆ ವರದಿ ಓದಿದ ಮೇಲೆ ನನ್ನ ಹಳೆಯ ಶಿಫಾರಸನ್ನು ತಾವೇ ಕೈಬಿಟ್ಟರು. ಮನೆ ಭೇಟಿ ನಿಲ್ಲಲಿಲ್ಲ. ಆವತ್ತಿನಿಂದ ನಮ್ಮ ಫಾರ್ಮಿನಲ್ಲಿ ಹೆಂಗಸರಿಗೆ ಔಷಧ ಶುರು ಮಾಡುವ ಮೊದಲ ದಿನವೇ ತವರಿನ ಊರು, ಅಲ್ಲಿಯ ಒಬ್ಬರ ಫೋನ್ ನಂಬರು ಬರೆದುಕೊಳ್ಳುವ ಜಾಗ ಇದೆ. ಹೊಸದಾಗಿ ಸೇರಿದವರು ಇದು ಯಾಕೆ ಎಂದು ಕೇಳಿದರೆ ನಾನು ಪರಾತ ತರಿಸುತ್ತೇನೆ. ಅಕ್ಕೋರಿಗೆ ಹೊಸ ವರದಿ ತೋರಿಸಿದಾಗ ಎರಡು ಸಲ ಓದಿ, "ಬರಾಬರ್ ಅದ" ಎಂದರು. "ಗಲತ್ ಇಲ್ಲ" ಎಂಬುದಕ್ಕಿಂತ ಅದು ಒಂದು ಪಾವಟಿಗಿ ಮೇಲೆ.

ಆಮೇಲೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ನನ್ನ ಮದುವೆಯಾಯಿತು. ಕೆಲಸದಲ್ಲಿ ಸ್ವಲ್ಪ ಮೇಲೆ ಹೋದೆ. ಭಾನುವಾರಗಳು ತುಂಬಿಹೋದವು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದವನು ಬಸವ ಜಯಂತಿಗೆ ಒಂದು ಫೋನು ಮಾಡುವಲ್ಲಿಗೆ ಬಂದೆ. ಅವರಿಗೆ ಫೋನೆಂದರೆ ಆಗುತ್ತಿರಲಿಲ್ಲ. "ಆಯ್ತು, ಬಾ" ಎಂದು ಇಟ್ಟುಬಿಡುತ್ತಿದ್ದರು. ಬರ್ತೇನ್ರಿ ಎನ್ನುತ್ತಿದ್ದೆ. ಬರುತ್ತೇನೆ ಎನ್ನುವವರ ಹಣೆಬರಹವೇ ಇಷ್ಟು, ಮಾತಿನಲ್ಲಿ ಮಾತ್ರ ಬರುತ್ತಾರೆ.

ಈಚೆಗೆ ಒಂದು ದಿನ ಅವರ ಅಣ್ಣನ ಮಗಳು ಫೋನು ಮಾಡಿದಳು. ಅಕ್ಕೋರು ತೀರಿಕೊಂಡು ಮೂರು ದಿನವಾಗಿತ್ತು. ಮಣ್ಣು ಮುಗಿದಿತ್ತು. "ಅತ್ತಿಯ ಹುಡುಗರಿಗೆಲ್ಲ ಹೇಳಾಕತ್ತೇನ್ರಿ, ವಹಿ ನೋಡಿ" ಎಂದಳು. ಮರುದಿನವೇ ಹೋದೆ. ಪಡಸಾಲೆಯ ಗೋಡೆಗೆ ಪರಾತ ಒರಗಿಸಿ ಇಟ್ಟಿದ್ದರು. ಅವಳು ಚಹಾ ತಂದಳು, ಅಕ್ಕೋರ ಅಳತೆಯದೇ ಸಕ್ಕರೆ. ಕುಡಿದೆ.

ವಹಿ ಕೇಳಿ ತೆಗೆದು ನೋಡಿದೆ. ಹುಡುಗರ ಹೆಸರು, ಮೊದಲು ಬಂದ ದಿನ, ಕಡೆಗೆ ಕಂಡ ದಿನ. ಎರಡು ಹೆಸರುಗಳ ಮುಂದೆ ಪೆನ್ನಿನ ತಾರೀಖು. ಉಳಿದವೆಲ್ಲ ಪೆನ್ಸಿಲು. ಇವತ್ತಿಗೂ ಬಂದು ಹೋಗುವವರ ಮುಂದೆ ಅಳಿಸಿ ಬರೆದು, ಅಳಿಸಿ ಬರೆದು ಕಾಗದ ಕಪ್ಪಾಗಿತ್ತು. ನನ್ನ ಹೆಸರಿನ ಮುಂದೆ ಅಳಿಸಿದ ಗುರುತುಗಳು ಹಳೆಯವಾಗಿ ಮಾಸಿದ್ದವು. ಎರಡು ವರ್ಷ ಹಿಂದಿನ ಒಂದೇ ತಾರೀಖು. ಪಕ್ಕದಲ್ಲಿ ಅವರ ಅಕ್ಷರ: "ಆರಾಮ ಇದ್ದ." ಅದರ ಮುಂದೆ ಒಂದು ಸಣ್ಣ ಗೀಟು. ಅಕ್ಕೋರೇ ನನ್ನ ಕಣ್ಣಿಗೆ ಮರೆಯಾದರು ಎಂದು ತಿಳಿದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಕಣ್ಣಿಗೆ ಮರೆಯಾದವನು ನಾನು. ನನ್ನನ್ನು ಉಡಿಯಲ್ಲಿ ಇಟ್ಟುಕೊಂಡೇ ಹೋಗಿದ್ದರು.

ಕೊನೆಯ ಪುಟದಲ್ಲಿ ಮೂರು ಹೆಂಗಸರ ಹೆಸರಿದ್ದವು. ಇಜೇರಿಯವಳು, ಪೆನ್ನಿನಲ್ಲಿ. ಅತನೂರಿನವಳು, ಪೆನ್ನಿನಲ್ಲಿ. ಮೂರನೆಯವಳು ಸೊನ್ನದವಳು. ಅವಳ ಹೆಸರಿನ ಮುಂದೆ ಅಳಿಸಿ ಅಳಿಸಿ ಕಾಗದ ತೂತು ಬೀಳುವಷ್ಟು ತೆಳ್ಳಗಾಗಿತ್ತು. ಕಡೆಯ ತಾರೀಖು ಹೋದ ಎಳ್ಳ ಅಮಾವಾಸ್ಯೆಯದು.

"ಅಲ್ಲಿಗಿ ಹೋಗ್ತಿದ್ರೇನು?" ಎಂದೆ.

"ವರ್ಷಕ್ಕ ಎರಡ ಸಲರಿ. ಮಂಡಿ ನೋವು ಅಂದ್ರ ಕೇಳ್ತಿದ್ದಿಲ್ಲ. ಯಾರನ್ನಾರ ಕರಕೊಂಡು ಹೋಗು ಅತ್ತಿ ಅಂದ್ರ, ಆ ಆಳಂದದವ ಬರ್ತೇನಿ ಅಂದಾನ, ಬರ್ಲಿ ನೋಡೂಣು, ಅಂತಿದ್ರು" ಎಂದಳು ಅವಳು. ಚುಚ್ಚಬೇಕೆಂದು ಹೇಳಿದ್ದ ಮಾತಲ್ಲ ಅದು.

ವಹಿಯನ್ನು ನಾನು ಒಯ್ಯಲೇ ಎಂದು ಕೇಳಿದೆ. ಒಯ್ಯಿರಿ ಎಂದಳು. ಒಳಗೆ ಹೋಗಿ ಒಂದು ಗಿಡ್ಡ ಪೆನ್ಸಿಲು, ಅರ್ಧ ಸವೆದ ರಬ್ಬರು ತಂದು ಅದರ ಮೇಲೆ ಇಟ್ಟಳು. ನಾನು ಆಳಂದಕ್ಕೆ ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ಅಫಜಲಪುರದ ಬಸ್ಸು ಹತ್ತಿದೆ.

ಸೊನ್ನದ ಮನೆಯ ಅಂಗಳದಲ್ಲಿ ಆಕೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮೈಯಲ್ಲಿ ತುಂಬಿಕೊಂಡಿದ್ದಳು, ನಾನಾಗಿ ಗುರುತು ಹಿಡಿಯುತ್ತಿರಲಿಲ್ಲ. ಅವಳೇ ಹಿಡಿದಳು. ಕಂಬಳಿ ಹಾಸಿ ಕೂರಿಸಿ, ದಾರಿಯ ಕಡೆ ನೋಡಿ, "ಅಕ್ಕೋರು ಬರಲಿಲ್ಲೇನ್ರಿ?" ಎಂದಳು.

ಹೇಳಿದೆ. ತೀರಿಕೊಂಡರು, ನಾಲ್ಕು ದಿನವಾಯಿತು ಎಂದೆ. ಅವಳು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟಳು. ನನ್ನನ್ನೇ ದಿಟ್ಟಿಸಿ ಕೇಳಿದಳು:

"ನೀವು ನೋಡಿದ್ದೋ, ಕೇಳಿದ್ದೋ?"

"ಕೇಳಿದ್ದು" ಎಂದೆ.

"ನಾ ಎಳ್ಳ ಅಮಾಸಿಗಿ ನೋಡೇನ್ರಿ. ಇಲ್ಲೇ ಕುಂತಿದ್ರು, ನೀವು ಕುಂತಲ್ಲೇ. ಚಹಾಕ್ಕ ಸಕ್ಕರಿ ಕಡಿಮಿ ಆಗ್ಯದ ಅಂತ ಜಗಳ ತಗದಿದ್ರು. ನನ್ನ ಪಾಲಿಗಿ ಅಲ್ಲಿತನಕ ಅದಾರ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಒಳಗೆ ಹೋದಳು.

ನಾನು ವಹಿ ತೆರೆದು ಅವಳ ಹೆಸರಿನ ಮುಂದಿದ್ದ ಅಕ್ಕೋರ ತಾರೀಖನ್ನು ನೋಡುತ್ತ ಸ್ವಲ್ಪ ಹೊತ್ತು ಕೂತೆ. ಕಾಗದ ಹರಿಯದಂತೆ ಮೆಲ್ಲಗೆ ಅದನ್ನು ಅಳಿಸಿದೆ. ಅದೇ ಜಾಗದಲ್ಲಿ, ಅವರ ಪೆನ್ಸಿಲಿನಿಂದ, ಅವತ್ತಿನ ತಾರೀಖು ಬರೆದೆ.